128 ಜಿಬಿ ಪೆನ್‌ಡ್ರೈವ್, 11 ಜಿಬಿ ಮದುವೆ ವಿಡಿಯೊ ಮತ್ತು ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಇದು ಪೆನ್‌ಡ್ರೈವ್ ರಿವ್ಯೂ ಅಂತ ಶುರುವಾಗಿ ಅಂಗಡಿ ರಿವ್ಯೂ ಆಗಿ ಮುಗಿಯುತ್ತದೆ. ಪೆನ್‌ಡ್ರೈವ್ ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಬೇರೆ ಕಂಪನಿಯದು ತಂದಿದ್ದರೂ ನನಗೆ ಇದೇ ಗತಿ ಆಗಬಹುದಿತ್ತು. ಅಂಗಡಿ ಹೆಸರನ್ನೂ ಬರೆಯುವುದಿಲ್ಲ, ಅದಕ್ಕೆ ಕಾರಣ ಬೇರೆ, ಆಮೇಲೆ ಹೇಳುತ್ತೇನೆ.

ತಂಗಿ ಮದುವೆ ಆಗಿ ಮೂರು ತಿಂಗಳು ಕಳೆದ ಮೇಲೆ ಅಂತೂ ಇಂತೂ ಸ್ಟುಡಿಯೋದಿಂದ ಫೋನ್ ಬಂತು. "ಸರ್, ವಿಡಿಯೊ ರೆಡಿ ಐತಿ, ಪೆನ್‌ಡ್ರೈವ್ ತಗೊಂಡು ಬರ್ರಿ." ಹಿಂದೆ ಡಿವಿಡಿ ಕೊಡುತ್ತಿದ್ದರು, ಮೇಲೆ ಹುಡುಗ ಹುಡುಗಿ ಫೋಟೊ ಅಂಟಿಸಿ, ಚೆಂದದ ಡಬ್ಬಿಯಲ್ಲಿ ಹಾಕಿ. ಈಗ ಡಿವಿಡಿ ಪ್ಲೇಯರ್ ಯಾರ ಮನೆಯಲ್ಲಿದೆ ಹೇಳಿ. ಎಷ್ಟು ಜಿಬಿದು ತರಲಿ ಅಂತ ಕೇಳಿದರೆ "32 ಸಾಕು, ಇರ್ಲಿ 64 ತರ್ರಿ" ಅಂದರು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ನಾನು 128 ಜಿಬಿದೇ ತಂದೆ. ಅದೂ ಆನ್‌ಲೈನಲ್ಲಿ ಅಲ್ಲ, ಪಿ.ಬಿ. ರಸ್ತೆಯ ಒಂದು ದೊಡ್ಡ ಶೋರೂಮಿನಲ್ಲಿ, ಬಿಲ್ ಸಮೇತ. ಎ.ಸಿ. ಹಾಕಿದ್ದರು, ಯೂನಿಫಾರ್ಮ್ ಹಾಕಿದ ಹುಡುಗ ಗಾಜಿನ ಬಾಗಿಲು ತೆರೆದು ನಮಸ್ಕಾರ ಮಾಡಿದ, ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೇಳಿದರು, ಎಕ್ಸ್‌ಟ್ರಾ ವಾರಂಟಿ ಬೇಕಾ ಅಂದರು, ಮೊಬೈಲಿಗೆ ಗಾಜು ಹಾಕಿಸ್ತೀರಾ ಅಂದರು. ಇದನ್ನು ಯಾತಕ್ಕೆ ತಗೊಳ್ತಿದ್ದೀರಿ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಆಗ ನನಗೂ ಅದು ಕೇಳಬೇಕಾದ ಪ್ರಶ್ನೆ ಅನಿಸಿರಲಿಲ್ಲ.

ಸ್ಟುಡಿಯೋದಲ್ಲಿ ಒಬ್ಬ ಹುಡುಗ ಕೂತಿದ್ದ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಮೊದಲು ಫೋಟೊ ಹಾಕಿದ. 2,600 ಫೋಟೊ, 18 ಜಿಬಿ, ಸಲೀಸಾಗಿ ಹೋಯಿತು. ಆಮೇಲೆ ವಿಡಿಯೊ ಎಳೆದು ಬಿಟ್ಟ. ಒಂದೇ ಫೈಲು, 11.3 ಜಿಬಿ. ಅರಿಶಿಣ ಶಾಸ್ತ್ರದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಎಲ್ಲಾ ಅದರಲ್ಲೇ. ಅರೆ ಸೆಕೆಂಡಲ್ಲಿ ಒಂದು ಡಬ್ಬಿ ಎದ್ದಿತು. ಫೈಲ್ ಈಸ್ ಟೂ ಲಾರ್ಜ್ ಫಾರ್ ದಿ ಡೆಸ್ಟಿನೇಶನ್ ಫೈಲ್ ಸಿಸ್ಟಮ್.

ಹುಡುಗ ಅದನ್ನು ಓದಲಿಲ್ಲ. ಮುಚ್ಚಿದ, ಮತ್ತೆ ಎಳೆದ. ಮತ್ತೆ ಅದೇ. ಮೂರನೇ ಸಲವೂ ಅದೇ. "ಜಾಗ ಸಾಲ್ತಿಲ್ಲ ಸರ್" ಅಂದ. ಜಾಗ ಸಾಲದೆ ಏನು? ಪಕ್ಕದಲ್ಲೇ ಡ್ರೈವಿನ ಚಿತ್ರದ ಕೆಳಗೆ ಇನ್ನೂ 96 ಜಿಬಿ ಖಾಲಿ ಅಂತ ನೀಲಿ ಪಟ್ಟಿ ಕಾಣಿಸುತ್ತಿದೆ. ತೋರಿಸಿದೆ. ಅವನಿಗೂ ಆಶ್ಚರ್ಯ. ಹಾಕಿದ್ದ ಫೋಟೊ ಎಲ್ಲಾ ಅಳಿಸಿ ಮತ್ತೆ ನೋಡಿದ. ಆಗಲಿಲ್ಲ. ಜಿಪ್ ಮಾಡೋಣ, ಚಿಕ್ಕದಾಗುತ್ತೆ ಅಂದ. ಇಪ್ಪತ್ತು ನಿಮಿಷ ಕಾದೆವು. ಫ್ಯಾನ್ ಕೂಗಿತು, ಅಂಗಡಿಯವರು ನನಗೊಂದು ಟೀ ತರಿಸಿದರು. ಜಿಪ್ ಆದ ಮೇಲೆ ನೋಡಿದರೆ 11.2 ಜಿಬಿ. ವಿಡಿಯೊ ಅನ್ನೋದು ಮೊದಲೇ ಹಿಂಡಿ ಹಿಪ್ಪೆ ಮಾಡಿಟ್ಟ ಕಬ್ಬು. ಅದನ್ನು ಇನ್ನೊಂದು ಗಾಣಕ್ಕೆ ಕೊಟ್ಟರೆ ಏನು ಇಳಿಯುತ್ತೆ?

ಕೊನೆಗೆ ತೀರ್ಪು ಬಂತು. "ಡೂಪ್ಲಿಕೇಟ್ ಪೆನ್‌ಡ್ರೈವ್ ಸರ್ ಇದು. ವಾಪಸ್ ಕೊಡ್ರಿ."

ಡೂಪ್ಲಿಕೇಟ್ ಪೆನ್‌ಡ್ರೈವ್ ಅನ್ನೋದು ಸುಳ್ಳಲ್ಲ, ಮಾರ್ಕೆಟ್ಟಲ್ಲಿ ಇದಾವೆ. 128 ಅಂತ ತೋರಿಸುತ್ತವೆ, ಒಳಗೆ ಎಂಟೋ ಹದಿನಾರೋ ಜಿಬಿ ಇರುತ್ತದೆ. ಆದರೆ ಅವು ಹೀಗೆ ಮರ್ಯಾದೆಯಿಂದ "ಆಗಲ್ಲ" ಅಂತ ಹೇಳುವುದಿಲ್ಲ. ಎಲ್ಲವನ್ನೂ ತಗೊಂಡಂತೆ ಮಾಡಿ, ಮನೆಗೆ ಹೋಗಿ ತೆರೆದರೆ ಅರ್ಧ ಫೋಟೊ ಕೆಟ್ಟಿರುತ್ತವೆ. ಇದನ್ನೂ ನಾನು ಆಮೇಲೆ ಕಲಿತದ್ದು. ಅವತ್ತು ನಂಬಿಕೊಂಡು ಬಿಸಿಲಲ್ಲಿ ಶೋರೂಮಿಗೆ ಹೋದೆ. ಅವರು ತಮ್ಮ ಕಂಪ್ಯೂಟರಿಗೆ ಚುಚ್ಚಿ, ಒಂದು ಹಾಡು ಕಾಪಿ ಮಾಡಿ ತೋರಿಸಿ, "ವರ್ಕ್ ಆಗ್ತಿದೆಯಲ್ಲ ಸರ್, ರಿಟರ್ನ್ ಬರಲ್ಲ" ಅಂದರು. ಅವರ ಮಾತೂ ನಿಜವೇ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ, ನಡುವೆ ನಾನು.

ಆಫೀಸಿನ ಗೆಳೆಯ ಒಬ್ಬ ಪಿ.ಜೆ. ಬಡಾವಣೆಯ ಈ ಅಂಗಡಿ ಹೇಳಿದ. ರಾಮ್ ಅಂಡ್ ಕೋ ಸರ್ಕಲ್‌ನಿಂದ ನಡೆದುಕೊಂಡೇ ಹೋಗಬಹುದು. ಅಂಗಡಿ ಅಂದರೆ ಅಂಗಡಿ ಅನ್ನುವ ಹಾಗಿಲ್ಲ, ಒಂದು ಶಟರ್, ಒಂದು ಕೌಂಟರ್, ಕೌಂಟರ್ ಮೇಲೆ ಹೊಟ್ಟೆ ಬಿಚ್ಚಿದ ಎರಡು ಲ್ಯಾಪ್‌ಟಾಪು, ಸ್ಕ್ರೂಗಳನ್ನು ಹಾಕಿಟ್ಟ ಕುಂಕುಮದ ಡಬ್ಬಿ, ರ‍್ಯಾಮ್ ಉಜ್ಜುವುದಕ್ಕೆ ಒಂದು ಹಳೆ ಹಲ್ಲುಜ್ಜುವ ಬ್ರಶ್ಶು. ನಾನು ಹೋದಾಗ ಅಂಗಡಿಯವರು ಪೇಪರ್ ಮೇಲೆ ಮಂಡಕ್ಕಿ ಹರವಿಕೊಂಡು ಮಿರ್ಚಿ ತಿನ್ನುತ್ತಿದ್ದರು. ನಲವತ್ತೈದರ ಆಸುಪಾಸು, ಎಲ್ಲರೂ ಅಣ್ಣಾ ಅಂತಲೇ ಕರೆಯುವುದು. ನನ್ನ ಕಥೆ ಅರ್ಧ ಕೇಳಿದರು, ಎಣ್ಣೆ ಕೈಯನ್ನು ಪೇಪರಿನ ತುದಿಗೆ ಒರೆಸಿಕೊಂಡು, ಎರಡೇ ಬೆರಳಲ್ಲಿ ಪೆನ್‌ಡ್ರೈವ್ ಹಿಡಿದು ಚುಚ್ಚಿದರು, ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರು, ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು, ಅಲ್ಲಿ ಒಂದು ಎಣ್ಣೆ ಗುರುತೂ ಉಳಿಯಿತು.

ಫೈಲ್ ಸಿಸ್ಟಮ್: ಫ್ಯಾಟ್32. ಡ್ರೈವ್ ತನ್ನೊಳಗಿನ ಫೈಲುಗಳ ಲೆಕ್ಕ ಬರೆದಿಟ್ಟುಕೊಳ್ಳುವ ಪದ್ಧತಿಗೆ ಫೈಲ್ ಸಿಸ್ಟಮ್ ಅಂತಾರೆ, ಫ್ಯಾಟ್32 ಅದರಲ್ಲಿ ಒಂದು ಬಗೆ.

"ಪೆನ್‌ಡ್ರೈವ್ ಚೊಲೋ ಐತ್ರಿ. ಇದರಾಗ 4 ಜಿಬಿ ಮ್ಯಾಲೆ ಒಂದೇ ಫೈಲ್ ಹೋಗಲ್ಲ, ಅಷ್ಟೇ."

ಹಾಗಾದರೆ 18 ಜಿಬಿ ಫೋಟೊ ಹೆಂಗೆ ಹೋಯಿತು ಅಂತ ಕೇಳಿದೆ. ಅವರು ನಮ್ಮ ಎ.ಪಿ.ಎಂ.ಸಿ. ಲೆಕ್ಕದಲ್ಲಿ ಹೇಳಿದರು, ಅದಕ್ಕೇ ತಲೆಗೆ ಹೋಯಿತು. ಗೋಡೌನ್ ದೊಡ್ಡದಿದೆ, ಖಾಲಿ ಇದೆ. ಬಾಗಿಲಲ್ಲಿ ಗುಮಾಸ್ತ ಕೂತಿದ್ದಾನೆ, ಬರೋ ಪ್ರತಿ ಲೋಡಿನ ತೂಕವನ್ನು ಪುಸ್ತಕದಲ್ಲಿ ಬರೆದೇ ಒಳಗೆ ಬಿಡಬೇಕು. ಆ ಪುಸ್ತಕದಲ್ಲಿ ತೂಕ ಬರೆಯುವ ಕಾಲಂ ಚಿಕ್ಕದು, ಇಷ್ಟೇ ಅಂಕಿ ಹಿಡಿಸೋದು. ಮೆಕ್ಕೆಜೋಳದ ಚೀಲ ಒಂದೊಂದಾಗಿ ಸಾವಿರ ಬರಲಿ, ಬರೆದುಕೊಂಡು ಬಿಡುತ್ತಾನೆ. ಒಂದೇ ಲೋಡು ಕಾಲಂಗೆ ಹಿಡಿಸದಷ್ಟು ತೂಕ ಇದ್ದರೆ, ಗೋಡೌನ್ ಪೂರ್ತಿ ಖಾಲಿ ಇದ್ದರೂ, ಲಾರಿ ಗೇಟಲ್ಲೇ ನಿಲ್ಲಬೇಕು.

ಮನೆಗೆ ಬಂದು ಓದಿ ನೋಡಿದೆ, ಅಕ್ಷರಶಃ ಹಾಗೇ ಇದೆ. ಫ್ಯಾಟ್32ನಲ್ಲಿ ಪ್ರತಿ ಫೈಲಿನ ಸೈಜು ಬರೆದಿಡುವುದಕ್ಕೆ ನಾಲ್ಕೇ ಬೈಟ್ ಜಾಗ, ಅಂದರೆ 32 ಬಿಟ್. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಅಷ್ಟು ಬೈಟ್ ಅಂದರೆ 4 ಜಿಬಿಗೆ ಒಂದೇ ಒಂದು ಬೈಟ್ ಕಡಿಮೆ. ಇದು ಬಂದದ್ದು 1996ರಲ್ಲಿ, ವಿಂಡೋಸ್ 95ರ ಎರಡನೇ ಆವೃತ್ತಿ ಜೊತೆ. ಆಗ ಇಡೀ ಹಾರ್ಡ್ ಡಿಸ್ಕೇ ಒಂದೆರಡು ಜಿಬಿ ಇರುತ್ತಿತ್ತು. 4 ಜಿಬಿಯ ಒಂದೇ ಫೈಲನ್ನು ಯಾರು ತರುತ್ತಾರೆ ಅಂತ ಅಂದುಕೊಂಡಿದ್ದರೆ ಅವರನ್ನು ಬೈಯುವ ಹಾಗಿಲ್ಲ. ಬೈಯಬೇಕಾದದ್ದು ಇವತ್ತಿಗೂ 128 ಜಿಬಿ ಡ್ರೈವನ್ನು ಅದೇ ಹಳೆ ಪುಸ್ತಕ ಕೊಟ್ಟು ಮಾರುವವರನ್ನು. ಇನ್ನೂ ತಮಾಷೆ ಏನೆಂದರೆ, ಇದೇ ಪೆನ್‌ಡ್ರೈವನ್ನು ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಡಬ್ಬಿಯಲ್ಲಿ ತೆರೆದರೆ ಫ್ಯಾಟ್32 ಅನ್ನೋ ಆಯ್ಕೆಯೇ ಸಿಗಲ್ಲ. 32 ಜಿಬಿಗಿಂತ ದೊಡ್ಡದಕ್ಕೆ ಅದು ತೋರಿಸುವುದಿಲ್ಲ. ವಿಂಡೋಸ್ ಮಾಡಿಕೊಡದ್ದನ್ನು ಫ್ಯಾಕ್ಟರಿಯಲ್ಲಿ ಮಾಡಿ ಕಳಿಸಿದ್ದಾರೆ. ಯಾಕೆ ಅಂದರೆ ಫ್ಯಾಟ್32 ಎಲ್ಲಿ ಚುಚ್ಚಿದರೂ ಓಡುತ್ತೆ, ಹಳೆ ಟೀವಿ, ಕಾರು, ಹೋಮ್ ಥಿಯೇಟರ್, ಎಲ್ಲದರಲ್ಲೂ. ಡ್ರೈವ್ ಓಪನ್ನೇ ಆಗ್ತಿಲ್ಲ ಅಂತ ಫೋನ್ ಬರುವುದಿಲ್ಲ. ಫೈಲ್ ಹಿಡಿಸ್ತಿಲ್ಲ ಅಂತ ಬರುವ ಫೋನನ್ನು ಸ್ಟುಡಿಯೋದವರು ನೋಡಿಕೊಳ್ಳುತ್ತಾರೆ, ಡೂಪ್ಲಿಕೇಟ್ ಅಂತ ಹೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಟುಡಿಯೋದಲ್ಲಿ ಕಾಯುತ್ತಿದ್ದಾಗ ಆ ಹುಡುಗನ ಸ್ಕ್ರೀನಲ್ಲಿ ಇನ್ಯಾರದೋ ಮದುವೆಯ ಕ್ಲಿಪ್ಪುಗಳನ್ನು ನೋಡಿದ್ದೆ. ಒಂದೊಂದೂ ಸರಿಯಾಗಿ 4 ಜಿಬಿಗೆ ತುಂಡಾಗಿತ್ತು. ಇದ್ಯಾಕೆ ಹಿಂಗೆ ಅಂತ ಕೇಳಿದ್ದಕ್ಕೆ "ಕ್ಯಾಮೆರಾನೇ ಹಂಗೆ ಕಟ್ ಮಾಡುತ್ತೆ ಸರ್, ನಾವು ಜೋಡಿಸ್ತೀವಿ" ಅಂದಿದ್ದ. ಕ್ಯಾಮೆರಾದಲ್ಲಿ 32 ಜಿಬಿ ಕಾರ್ಡ್ ಇತ್ತು. ಆ ಕಾರ್ಡೂ ಫ್ಯಾಟ್32, ಕ್ಯಾಮೆರಾಗೆ ವಿಷಯ ಗೊತ್ತು, ಹಾಗಾಗಿ ಅದೇ ತುಂಡು ಮಾಡಿಕೊಳ್ಳುತ್ತದೆ. ದಿನಾ ಅದೇ ತುಂಡುಗಳನ್ನು ಜೋಡಿಸುವ ಹುಡುಗನಿಗೆ ಜೋಡಿಸಿದ್ದು ಯಾಕೆ ಹೋಗುತ್ತಿಲ್ಲ ಅಂತ ಹೊಳೆಯಲಿಲ್ಲ. ಡಿವಿಡಿ ಕಾಲದಲ್ಲೂ ಅಷ್ಟೇ, ಡಿವಿಡಿ ಒಳಗಿನ ವಿಡಿಯೊ ಒಂದೊಂದು ಜಿಬಿ ತುಂಡಾಗಿಯೇ ಇರುತ್ತಿತ್ತು, ಅದಕ್ಕೇ ಈ ಗೋಳು ನಮಗೆ ಕಾಣಿಸಿರಲಿಲ್ಲ.

ಸರಿ, ಅಣ್ಣ ಏನು ಮಾಡಿದರು? ಸ್ಟುಡಿಯೋ ಹುಡುಗ ಫೋಟೊ ವಾಪಸ್ ಹಾಕಿಕೊಟ್ಟಿದ್ದ, ಅವನ್ನು ಮೊದಲು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರು. "ಫಾರ್ಮ್ಯಾಟ್ ಅಂದ್ರ ಒಳಗ ಇದ್ದಿದ್ದೆಲ್ಲಾ ಹೋಗ್ತಾವ, ಗೊತ್ತಲ್ಲ?" ಅಂತ ಎರಡು ಸಲ ಕೇಳಿದರು. ಇದು ನನಗೆ ತುಂಬಾ ಹಿಡಿಸಿತು. ಆಮೇಲೆ ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಬಗೆಯ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದರು, ಹತ್ತು ಸೆಕೆಂಡೂ ಹಿಡಿಯಲಿಲ್ಲ. ಫೋಟೊ ವಾಪಸ್ ಹಾಕಿದರು. ಎಷ್ಟಾಯ್ತು ಅಂದರೆ "ಏನಿಲ್ಲ ಹೋಗ್ರಿ" ಅಂದರು. ಅಲ್ಲೇ ನಿಂತು, ಸೊಸೈಟಿಯಲ್ಲಿ ಸಾಲ ಸಿಕ್ಕಷ್ಟು ಖುಷಿಯಾಗಿ, ಇಂಥ ಅಂಗಡಿಗೆ ಐದಕ್ಕೆ ಐದು ಕೊಡ್ತೀನಿ ಅಂತ ಮನಸ್ಸಲ್ಲೇ ಬರೆದುಕೊಂಡೆ.

ಸ್ಟುಡಿಯೋಗೆ ವಾಪಸ್ ಹೋದೆ. 11.3 ಜಿಬಿ ಹೋಯಿತು. ಹುಡುಗ "ಬೇರೆ ತಂದ್ರಾ ಸರ್?" ಅಂದ. ಇಲ್ಲಪ್ಪಾ ಅದೇ ಅಂದೆ. ನಂಬಲಿಲ್ಲ.

ಪೆನ್‌ಡ್ರೈವಿನ ಬಗ್ಗೆ ಹೇಳಬೇಕಾದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕಾಪಿ ಶುರುವಾದಾಗ ಸೆಕೆಂಡಿಗೆ 90 ಎಂಬಿ ತೋರಿಸಿತು, ಅರ್ಧ ನಿಮಿಷದಲ್ಲಿ 18ಕ್ಕೆ ಇಳಿಯಿತು, ಕೊನೆಯವರೆಗೂ ಅಲ್ಲೇ. ಒಟ್ಟು ಹತ್ತು ನಿಮಿಷ ಚಿಲ್ಲರೆ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರೋ ಸ್ಪೀಡು ಓದುವುದರದ್ದು, ಬರೆಯುವುದರದ್ದಲ್ಲ. ಪ್ಲಾಸ್ಟಿಕ್ ಬಾಡಿ, ಜಾರಿಸುವ ಮುಚ್ಚಳ, ಸ್ವಲ್ಪ ಬಿಸಿ ಆಗುತ್ತೆ. 128 ಅಂತ ಬರೆದಿದ್ದರೂ ಕಂಪ್ಯೂಟರಲ್ಲಿ 119 ಕೂಡ ತೋರಿಸಲ್ಲ, ಅದು ಮೋಸ ಅಲ್ಲ. ಕಂಪನಿಯವರಿಗೆ ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್, ವಿಂಡೋಸಿಗೆ 107 ಕೋಟಿ 37 ಲಕ್ಷ ಚಿಲ್ಲರೆ, ಹೆಚ್ಚಿನ ವ್ಯತ್ಯಾಸ ಅದರದ್ದೇ. ದುಡ್ಡಿಗೆ ತಕ್ಕ ಸಾಮಾನು, ಮೂರೂವರೆ ಸ್ಟಾರ್ ಕೊಡಬಹುದು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಚಿತ್ರದುರ್ಗದಲ್ಲಿ ನಮ್ಮ ಸೋದರಮಾವ ಇದ್ದಾರೆ, ಹೊಳಲ್ಕೆರೆ ರಸ್ತೆ ಕಡೆ. ಮದುವೆ ಹೊತ್ತಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಬರಲಾಗಲಿಲ್ಲ. ಅಕ್ಕಿಕಾಳು ಹಾಕೋಕೆ ನಾನೇ ಇರಲಿಲ್ಲವಲ್ಲೋ ಅಂತ ಫೋನ್ ಮಾಡಿದಾಗೆಲ್ಲಾ ಹೇಳೋರು. ಒಂದು ಭಾನುವಾರ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ. ಅರವತ್ತು ಕಿಲೋಮೀಟರ್. ಅಲ್ಲಿ ಹೋದರೆ ಅತ್ತೆ ಅಕ್ಕಪಕ್ಕದವರನ್ನೆಲ್ಲಾ ಕರೆದು ಚಾಪೆ ಹಾಸಿ ಕೂರಿಸಿದ್ದಾರೆ. ಮಾವ ಕನ್ನಡಕ ಒರೆಸಿಕೊಂಡು ರೆಡಿ. ಟೀವಿಗೆ ಚುಚ್ಚಿದೆ. ಹತ್ತು ವರ್ಷ ಹಳೆಯ 32 ಇಂಚು ಟೀವಿ. ಈ ಡಿವೈಸ್ ಸಪೋರ್ಟ್ ಆಗಲ್ಲ ಅಂತ ಬಂತು. ಅದರ ಕೆಳಗೇ ಇನ್ನೊಂದು ಸಾಲು, ಫಾರ್ಮ್ಯಾಟ್ ಮಾಡಲೇ ಅಂತ.

"ಏನೋ ಕೇಳ್ತದೆ, ಓಕೆ ಒತ್ತಿಬಿಡ್ಲೇನೋ?" ಅಂತ ಮಾವ ರಿಮೋಟ್ ಎತ್ತಿದರು.

ನಾನು ಕುರ್ಚಿಯಿಂದ ಹಾರಿದ್ದು ನನಗೇ ನೆನಪಿಲ್ಲ. ರಿಮೋಟ್ ಕಿತ್ತುಕೊಂಡ ಮೇಲೆ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಷ್ಟು ದೂರದಿಂದ ಖಾಲಿ ಡಬ್ಬಿ ತಂದಿಯೇನೋ" ಅಂದರು. ಚಾಪೆ ಮೇಲಿದ್ದವರು ನಕ್ಕರು.

ಟೀವಿ ಕೆಟ್ಟಿತ್ತಾ? ಇಲ್ಲ. ಅದರ ಪಕ್ಕದಲ್ಲೇ ಮಾವನ ಹಳೆ 500 ಜಿಬಿ ಹಾರ್ಡ್ ಡಿಸ್ಕ್ ಇತ್ತು, ಸಿನಿಮಾ ತುಂಬಿದ್ದು, ಅದು ಚೆನ್ನಾಗಿ ಓಡುತ್ತಿತ್ತು. ಪಕ್ಕದ ಮನೆ ಹುಡುಗ ಲ್ಯಾಪ್‌ಟಾಪ್ ತಂದ. ಪ್ರಾಪರ್ಟೀಸ್ ನೋಡುವುದು ಈಗ ನನಗೂ ಗೊತ್ತಲ್ಲ, ನೋಡಿದೆ. ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಅನ್ನೋ ಮತ್ತೊಂದು ಬಗೆಯ ಫೈಲ್ ಸಿಸ್ಟಮ್, ನನ್ನದು ಎಕ್ಸ್‌ಫ್ಯಾಟ್. ಎರಡರಲ್ಲೂ 4 ಜಿಬಿ ಮಿತಿ ಇಲ್ಲ. ಆದರೆ ಆ ಟೀವಿಗೆ ಒಂದು ಬರುತ್ತೆ, ಇನ್ನೊಂದು ಬರಲ್ಲ. ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟಿನವರು 2006ರಲ್ಲಿ ತಂದದ್ದು, ಪೆನ್‌ಡ್ರೈವು, ಮೆಮೊರಿ ಕಾರ್ಡಿಗೆ ಅಂತಲೇ ಮಾಡಿದ್ದು. ಆದರೆ ಪೇಟೆಂಟ್ ಇತ್ತು, ಬಳಸಬೇಕಾದರೆ ಲೈಸೆನ್ಸ್ ತಗೊಳ್ಳಬೇಕಿತ್ತು. ಅದರ ವಿವರವನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು 2019ರಲ್ಲಿ. ಮಾವನ ಟೀವಿ ಅದಕ್ಕೂ ಎಷ್ಟೋ ಮುಂಚಿನದು.

ಹಾಗಾದರೆ ವಿಡಿಯೊ ಲ್ಯಾಪ್‌ಟಾಪಿಗೆ ಇಳಿಸಿ, ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿ ವಾಪಸ್ ಹಾಕೋಣ ಅಂದರೆ, ಆ ಹುಡುಗನ ಲ್ಯಾಪ್‌ಟಾಪಿನಲ್ಲಿ ಖಾಲಿ ಇದ್ದದ್ದು 9 ಜಿಬಿ. ನನ್ನ ಫೈಲು 11.3. ಮಾವನ ಹಾರ್ಡ್ ಡಿಸ್ಕಿಗೆ ಹಾಕೋಣ ಅಂದರೆ ಅದು ಪೂರ್ತಿ ತುಂಬಿದೆ, ಒಂದು ಸಿನಿಮಾ ಅಳಿಸ್ತೀನಿ ಅಂದಿದ್ದಕ್ಕೆ ಮಾವ ಒಪ್ಪಲಿಲ್ಲ. ಸೊಸೆ ಮದುವೆಗಿಂತ ಹಳೆ ಸಿನಿಮಾ ಜಾಸ್ತಿ ಆಯ್ತು ನೋಡಿ. ಕೊನೆಗೆ ಆ ಹುಡುಗನೇ ಮನೆಗೆ ಓಡಿ ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ಕಿತ್ತುಕೊಂಡು ಬಂದ. ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್, ಲ್ಯಾಪ್‌ಟಾಪಿನಿಂದ ಟೀವಿಗೆ ಕೇಬಲ್. ಓಡಿತು. ಮಾವ ಮೂರೂ ಚಿಲ್ಲರೆ ಗಂಟೆ ಎದ್ದಿಲ್ಲ. ಧಾರೆ ಹೊತ್ತಿಗೆ ಅತ್ತೆ ಒಳಗಿನಿಂದ ಅಕ್ಕಿಕಾಳು ತಂದು ಅವರ ಕೈಗೆ ಕೊಟ್ಟರು, ಅವರು ಟೀವಿ ಮೇಲೆ ಹಾಕಿಯೂ ಬಿಟ್ಟರು. ಲ್ಯಾಪ್‌ಟಾಪಿನ ಕೀಬೋರ್ಡ್ ಸಂದಿಗೆ ನಾಲ್ಕು ಕಾಳು ಹೋದವು.

ಸೋಮವಾರ ಅಣ್ಣನ ಅಂಗಡಿಗೆ ಹೋಗಿ ಸ್ವಲ್ಪ ಸಿಟ್ಟಲ್ಲೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಟೀವಿಗೆ ಅಂತ ನೀವು ಹೇಳಲೇ ಇಲ್ಲಲ್ರಿ" ಅಂದರು. ನೀವು ಕೇಳಲೇ ಇಲ್ಲವಲ್ಲ ಅಣ್ಣಾ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತೆವು. ಆಮೇಲೆ ಅವರೇ, "ಹೌದು, ಕೇಳಬೇಕಿತ್ತು" ಅಂದರು. ಅಂಗಡಿಯವರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು.

ಅವರು ಎಕ್ಸ್‌ಫ್ಯಾಟ್ ಮಾಡಿದ್ದಕ್ಕೂ ಕಾರಣ ಇತ್ತು. ತಂಗಿ ಗಂಡನ ಹತ್ತಿರ ಮ್ಯಾಕ್ ಇದೆ ಅಂತ ನಾನು ಮಾತಿನ ನಡುವೆ ಹೇಳಿದ್ದೆನಂತೆ. ಎನ್‌ಟಿಎಫ್‌ಎಸ್ ಮಾಡಿದರೆ ಮ್ಯಾಕ್ ಓದುತ್ತೆ, ಆದರೆ ಬೇರೆ ಸಾಫ್ಟ್‌ವೇರ್ ಹಾಕದೆ ಅದಕ್ಕೆ ಬರೆಯಲ್ಲ. ಎಕ್ಸ್‌ಫ್ಯಾಟ್ ಆದರೆ ವಿಂಡೋಸು, ಮ್ಯಾಕು ಎರಡಕ್ಕೂ ಸೈ, ಈಗಿನ ಎಷ್ಟೋ ಮೊಬೈಲಿಗೂ ಬರುತ್ತೆ. ಕಾರಿನ ಮ್ಯೂಸಿಕ್ ಸಿಸ್ಟಮ್‌ಗೆ ಹೆಚ್ಚಾಗಿ ಫ್ಯಾಟ್32ನೇ ಬೇಕು. ಟ್ರ್ಯಾಕ್ಟರಿಗೆ ಹಾಡು ತುಂಬಿಸೋಕೆ ಬರುವ ಹುಡುಗರಿಗೆ ಅವರು ಬೇರೆ ಏನನ್ನೂ ಕೊಡುವುದೇ ಇಲ್ಲವಂತೆ, ಹಾಡು ಯಾವುದೂ 4 ಜಿಬಿ ಇರಲ್ಲ, ಅಲ್ಲಿಗೆ ಹಳೆ ಪುಸ್ತಕವೇ ವಾಸಿ. ಹಳೆ ಟೀವಿಗೆ ದೊಡ್ಡ ವಿಡಿಯೊ ಅಂದರೆ ಎನ್‌ಟಿಎಫ್‌ಎಸ್ ಮಾಡಿ ನೋಡಬೇಕು. ಅದೂ ಬರದಷ್ಟು ಹಳೆಯದಾದರೆ ಸ್ಟುಡಿಯೋದವರಿಗೇ ಹೇಳಿ 4 ಜಿಬಿ ಒಳಗಿನ ಮೂರ್ನಾಲ್ಕು ಭಾಗ ಮಾಡಿಸಿಕೊಂಡು ಫ್ಯಾಟ್32ಗೆ ಹಾಕಬೇಕು. ಸೆವೆನ್‌ ಜಿಪ್ ಅನ್ನೋ ಸಾಫ್ಟ್‌ವೇರಿನಲ್ಲಿ ಫೈಲ್ ತುಂಡು ಮಾಡಬಹುದು, ಆದರೆ ಆ ತುಂಡುಗಳನ್ನು ಟೀವಿ ಓಡಿಸಲ್ಲ, ಇನ್ನೊಂದು ಕಂಪ್ಯೂಟರಲ್ಲಿ ಜೋಡಿಸಿದರೆ ಮಾತ್ರ ಕೆಲಸಕ್ಕೆ ಬರುತ್ತವೆ.

ಇನ್ನೊಂದು ವಿಷಯ ಹೇಳಿದರು, ಇದನ್ನು ಮೊದಲ ದಿನವೇ ಹೇಳಿದ್ದರೆ ಚಿತ್ರದುರ್ಗದಲ್ಲಿ ನನ್ನ ಮಾನ ಉಳಿಯುತ್ತಿತ್ತು. ಫ್ಯಾಟ್32 ಇರುವ ಡ್ರೈವನ್ನು ಫಾರ್ಮ್ಯಾಟ್ ಮಾಡದೆಯೇ, ಒಳಗಿನ ಫೋಟೊ ಹಾಗೇ ಇಟ್ಟುಕೊಂಡೇ, ಎನ್‌ಟಿಎಫ್‌ಎಸ್ ಮಾಡಬಹುದು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ವರ್ಟ್ ಅಂತ ಒಂದು ಕಮಾಂಡೇ ಇದೆ. ಎಕ್ಸ್‌ಫ್ಯಾಟಿಗೆ ಅದು ನಡೆಯಲ್ಲ. ಒಂದು ಸಲ ಮಾಡಿದ ಮೇಲೆ ಫ್ಯಾಟ್32ಗೆ ಮರಳಬೇಕಾದರೆ ಫಾರ್ಮ್ಯಾಟೇ ಗತಿ. ಮತ್ತೆ ಕರೆಂಟ್ ಹೋಗುವ ಹೊತ್ತಲ್ಲಿ ಮಾಡಬೇಡಿ, ಒಂದು ಕಾಪಿ ಬೇರೆ ಕಡೆ ಇಟ್ಟುಕೊಂಡೇ ಮಾಡಿ ಅಂದರು. ಈ ಸಲ ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿಕೊಟ್ಟು 50 ರೂಪಾಯಿ ತಗೊಂಡರು. ಮೊದಲ ಸಲ ಪುಕ್ಕಟೆ, ಬೈಸಿಕೊಂಡ ಮೇಲೆ 50, ಇದೇನು ಲೆಕ್ಕವೋ ಗೊತ್ತಿಲ್ಲ, ಕೊಟ್ಟೆ.

ಎರಡು ತಿಂಗಳ ಮೇಲೆ ಆಫೀಸ್ ಬ್ಯಾಕಪ್ಪಿಗೆ, ಮನೆ ಫೋಟೊಗೆ ಅಂತ 1 ಟಿಬಿ ಹಾರ್ಡ್ ಡಿಸ್ಕ್ ಬೇಕಾಯಿತು. ಆನ್‌ಲೈನಲ್ಲಿ 250 ರೂಪಾಯಿ ಕಡಿಮೆ ಇತ್ತು. ಆದರೂ ಅಣ್ಣನ ಹತ್ತಿರವೇ ತರಿಸಿದೆ. ಡಬ್ಬಿ ಬಿಚ್ಚುವುದಕ್ಕೂ ಮುಂಚೆ ಕೇಳಿದರು, "ಇದನ್ನ ಎಲ್ಲೆಲ್ಲಿ ಚುಚ್ತೀರಿ?"

ನನಗೆ ನಗು ಬಂತು. ಆಫೀಸಿನ ವಿಂಡೋಸು, ಮನೆ ಟೀವಿ, ವರ್ಷಕ್ಕೊಮ್ಮೆ ತಂಗಿ ಗಂಡನ ಮ್ಯಾಕು ಅಂದೆ. ಟೀವಿ ಎಷ್ಟು ವರ್ಷದ್ದು ಅಂತಲೂ ಕೇಳಿದರು. ಹೊಸದು, ಹೋದ ವರ್ಷದ್ದು ಅಂದೆ. ಎಕ್ಸ್‌ಫ್ಯಾಟ್ ಇರಲಿ, ಟೀವಿಯಲ್ಲಿ ಇವತ್ತೇ ಚುಚ್ಚಿ ನೋಡ್ರಿ, ಬರದಿದ್ದರೆ ಏನೂ ಹಾಕೋಕೆ ಮುಂಚೆ ತಗೊಂಡು ಬರ್ರಿ, ತುಂಬಿಸಿಕೊಂಡು ಬಂದರೆ 800 ಜಿಬಿ ಇಳಿಸೋಕೆ ನನ್ನ ಹತ್ರ ಜಾಗ ಇಲ್ಲ ಅಂದರು. ಇನ್ನೊಂದು ಎಚ್ಚರಿಕೆನೂ ಕೊಟ್ಟರು. ಎಕ್ಸ್‌ಫ್ಯಾಟ್ ಕಾಪಿ ನಡುವೆ ಕಿತ್ತರೆ ಬೇಗ ಕೆಡುತ್ತೆ, ಎನ್‌ಟಿಎಫ್‌ಎಸ್ ತಾನು ಮಾಡುತ್ತಿರುವ ಬದಲಾವಣೆಯನ್ನು ಒಂದು ಕಡೆ ಬರೆದಿಟ್ಟುಕೊಂಡು ಆಮೇಲೆ ಸರಿ ಮಾಡಿಕೊಳ್ಳುತ್ತೆ, ಎಕ್ಸ್‌ಫ್ಯಾಟಿಗೆ ಆ ಬುದ್ಧಿ ಇಲ್ಲ. ಇಜೆಕ್ಟ್ ಕೊಟ್ಟೇ ತೆಗೀರಿ ಅಂತ. ಆಮೇಲೆ ಬಿಳಿ ಟೇಪ್ ಹರಿದು ಡಿಸ್ಕಿಗೆ ಅಂಟಿಸಿ, ಪೆನ್ನಲ್ಲಿ "ಎಕ್ಸ್ – ಹೊಸ ಟೀವಿ" ಅಂತ ಬರೆದರು. ನನ್ನ ಪೆನ್‌ಡ್ರೈವ್ ತೋರಿಸಿದೆ, ಅದಕ್ಕೂ ಒಂದು ಚೂರು ಟೇಪ್, "ಎನ್ – ದುರ್ಗ ಮಾವ".

ಅಂಗಡಿಗೆ ನಾಲ್ಕು ಸ್ಟಾರ್. ಒಂದು ಕಿತ್ತಿದ್ದು ಮೊದಲ ದಿನದ್ದಕ್ಕೆ, ಅದನ್ನು ವಾಪಸ್ ಕೊಡಬೇಕು ಅಂತ ನನಗೂ ಅನಿಸಿದೆ, ಆದರೆ ಚಿತ್ರದುರ್ಗದ ಚಾಪೆ ನೆನಪಾದಾಗ ಕೈ ಬರುತ್ತಿಲ್ಲ. ಬಾಗಿಲು ತೆರೆದು ನಮಸ್ಕಾರ ಮಾಡಿದ ಶೋರೂಮಿಗೆ ಎರಡು, ಎ.ಸಿ.ಗೆ ಒಂದು, ಬಿಲ್ ಸರಿಯಾಗಿ ಕೊಟ್ಟಿದ್ದಕ್ಕೆ ಒಂದು.

ಹೆಸರು ಯಾಕೆ ಹಾಕಿಲ್ಲ ಅಂದರೆ, ಹಿಂಗೆ ಬರೀತೀನಿ ಅಂತ ಅಣ್ಣನಿಗೆ ಹೇಳಿದ್ದೆ. "ಬ್ಯಾಡ್ರಿ ಸರ್, ಫಾರ್ಮ್ಯಾಟ್ ಪುಕ್ಕಟೆ ಮಾಡ್ಕೊಡ್ತಾರ ಅಂತ ಇಡೀ ದಾವಣಗೆರೆ ಬಂದು ನಿಲ್ತೈತಿ" ಅಂದರು. ಗುರುತು ಬೇಕಿದ್ದರೆ ಕೌಂಟರ್ ಮೇಲೆ ಕುಂಕುಮದ ಡಬ್ಬಿ ನೋಡಿ. ಮಧ್ಯಾಹ್ನ ಎರಡರಿಂದ ನಾಲ್ಕು ಶಟರ್ ಅರ್ಧ ಎಳೆದಿರುತ್ತೆ, ಭಾನುವಾರ ಇಲ್ಲ. ಯುಪಿಐ ತಗೊಳ್ತಾರೆ. ಸಂಜೆ ಐದರ ಮೇಲೆ ಹೋಗೋದಾದರೆ ಕೈಯಲ್ಲಿ ಎಣ್ಣೆ ಇರುತ್ತೆ, ಪೆನ್‌ಡ್ರೈವ್ ನೀವೇ ಚುಚ್ಚಿ.